ಸೊಸೆಯ ಬೊಗಸೆ

ಮಾಲವ್ವನ ಗಿರ್ಮಿಟ್ಟಿಗೆ ತಕ್ಕಡಿ ಇರಲಿಲ್ಲ, ಮಾಪು ಇರಲಿಲ್ಲ. ಚುರುಮುರಿ ಬುಟ್ಟಿಗೆ ಎರಡೂ ಕೈ ಹಾಕಿ ಬೊಗಸೆ ತುಂಬ ಎತ್ತುತ್ತಿದ್ದಳು. ಹಾಗೆ ಎರಡು ಬೊಗಸೆ ಬೋಗುಣಿಗೆ ಬಿದ್ದರೆ ಒಂದು ಪ್ಲೇಟು. ಅದರ ಮೇಲೆ ಕೊಸರು ಅಂತ ಇನ್ನೊಂದು ಹಿಡಿ. ಉಳ್ಳಾಗಡ್ಡಿ ಹುರಿದು ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಗೊಜ್ಜು, ಪುಟಾಣಿ ಹಿಟ್ಟು, ಕೊತ್ತಂಬರಿ ಎಲ್ಲ ಕಲಸಿ, ಪಕ್ಕಕ್ಕೊಂದು ಮಿರ್ಚಿ ಭಜಿ ಇಟ್ಟು ಕೊಡುತ್ತಿದ್ದಳು. ಕಾಗದದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಗಂಡಸು ಅದನ್ನು ತಿಂದು ಹೋದರೆ ಮನೆಯಲ್ಲಿ ಅಡುಗೆ ತಡವಾದರೂ ರೇಗುತ್ತಿರಲಿಲ್ಲ. ದಾಂಡೇಲಿಯಲ್ಲಿ ಗಿರ್ಮಿಟ್ ಮಾರುವವರು ಬೇರೆಯವರೂ ಇದ್ದರು. ಆದರೂ ಮಂದಿ ‘ಮಾಲವ್ವನ ಎರಡ ಬೊಗಸಿ’ ಅಂತಲೇ ಕೇಳಿಕೊಂಡು ಬರುತ್ತಿದ್ದರು.

ನಾನು ಅವರ ಗೋಡೆಯಾಚೆಯವಳು. ಅಂಬೇವಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ, ಅದೂ ಹೆಂಚಿನ ತನಕ ಮುಟ್ಟಿಲ್ಲ. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ಜಗಳವಾದರಂತೂ ಕಿವಿ ಮುಚ್ಚಿಕೊಂಡರೂ ಕೇಳುತ್ತದೆ, ಮತ್ತು ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನನಗಿಲ್ಲ. ಮಧ್ಯಾಹ್ನದಿಂದ ಅವರ ಗಿರ್ಮಿಟ್ ಗಾಡಿಯ ಪಕ್ಕದಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂಡುತ್ತೇನೆ. ಹಾಗಾಗಿ ಇದರಲ್ಲಿ ನಾನು ಕೇಳಿದ್ದೂ ಇದೆ, ಕಣ್ಣಾರೆ ಕಂಡದ್ದೂ ಇದೆ. ಹೇಳುವಾಗ ಸಿಟ್ಟು ಬಂದರೆ ಬರಲಿ, ತಡೆದುಕೊಳ್ಳುವುದಿಲ್ಲ.

ಮಾಲವ್ವನ ಗಂಡ ಪರಸಪ್ಪ ಕಾರ್ಖಾನೆಯಲ್ಲಿ ಕಾಯಂ ನೌಕರ. ಬೈಲಹೊಂಗಲದ ಕಡೆಯಿಂದ ಬಂದು ಇಲ್ಲಿಯೇ ತಲೆ ಹಣ್ಣಾದವನು. ಒಬ್ಬನೇ ಮಗ ಬಾಳೇಶ. ಅವನನ್ನೂ ಕಾರ್ಖಾನೆಗೆ ಹಚ್ಚಬೇಕೆಂದು ಓಡಾಡಿದರು, ಆಗಲಿಲ್ಲ, ಅವ್ವನ ಗಾಡಿಗೇ ನಿಂತ. ತೊಂಬತ್ತೆಂಟರ ಬೇಸಿಗೆಯಲ್ಲಿ ಅವನ ಲಗ್ನವಾಯಿತು. ಹೆಣ್ಣು ಹಳಿಯಾಳದವಳು, ಸ್ವಪ್ನಾ. ಸಣ್ಣ ಆಳು, ಚುರುಕು ಮಾತು. ಬಳೆ ಇಡಿಸುವ ದಿನ ಬಳೆಗಾರ್ತಿ ಯಾವ ಗೊಂಚಲು ತೆಗೆದರೂ ಸಡಿಲವಾಗಿ, ಕೊನೆಗೆ ಶಾಲೆಗೆ ಹೋಗುವ ಹುಡುಗಿಯರ ಬಳೆ ಇಡಬೇಕಾಯಿತು. ಕೈ ಅಷ್ಟು ಸಣ್ಣವು. ನಾವೆಲ್ಲ ನಕ್ಕೆವು. ಅದೇ ಕೈಯಲ್ಲಿ ಅವಳು ತಟ್ಟಿದ ಜೋಳದ ರೊಟ್ಟಿ ಮಾತ್ರ ಹಂಚು ತುಂಬುತ್ತಿತ್ತು. ಪರಸಪ್ಪ ಮೊದಲ ದಿನವೇ ಎರಡು ರೊಟ್ಟಿಗೇ ಸಾಕು ಅಂದಿದ್ದ.

ಆ ಸಲ ಮಳೆಗಾಲ ಮುಗಿಯುತ್ತ ಬಂದಂತೆ ಉಳ್ಳಾಗಡ್ಡಿ ಬೆಲೆ ಏರಿತು. ಏರಿತು ಅಂದರೆ ಹೇಳಬಾರದು. ಚೀಲ ತರುತ್ತಿದ್ದವರು ಕಿಲೋ ತಂದರು, ಕಿಲೋ ತರುತ್ತಿದ್ದವರು ನಾಲ್ಕು ಗಡ್ಡೆ ಆರಿಸಿಕೊಂಡು ಬಂದರು. ಎಣ್ಣೆಯೂ ಅದರ ಬೆನ್ನು ಹತ್ತಿತು. ಇದು ಮಾಲವ್ವನ ತಪ್ಪಲ್ಲ, ಬಾಳೇಶನ ತಪ್ಪೂ ಅಲ್ಲ. ಎರಡು ರೂಪಾಯಿಯ ಪ್ಲೇಟು ಮೂರಾದಾಗ ಯಾರೂ ತಕರಾರು ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬಾಳೇಶ ಎಲ್ಲದಕ್ಕೂ ಉಳ್ಳಾಗಡ್ಡಿಯನ್ನೇ ನೆಪ ಮಾಡಿದ.

ಅವನ ತಲೆ ಕೆಟ್ಟದ್ದು ರಾಮನಗರಕ್ಕೆ ಹೋಗಿಬಂದ ಮೇಲೆ. ಗೋವಾ ರಸ್ತೆಯಲ್ಲಿ ಬಸ್ಸು, ಲಾರಿ ನಿಲ್ಲುವ ಕಡೆ ಗೆಳೆಯನ ಅಂಗಡಿ ನೋಡಿಬಂದಿದ್ದ. ಅವತ್ತು ಊಟಕ್ಕೆ ಕೂತಾಗ ಶುರುವಾಯಿತು.

"ಯವ್ವಾ, ಅಲ್ಲಿ ಫಾಸ್ಟ್ ಫುಡ್ ಅಂತ ಬೋರ್ಡ್ ಹಾಕ್ಯಾರ. ಸಣ್ಣ ಬಸಿಯಾಗ ಇಷ್ಟ ಇಷ್ಟ ಹಾಕಿ ಐದ ರೂಪಾಯಿ ತಗೋತಾರ. ಒಬ್ಬರೂ ಉಸುರ ಎತ್ತೂದಿಲ್ಲ."

"ಅವ್ರು ಗೋವಾಕ ಹೋಗೂ ಮಂದಿ," ಅಂದಳು ಮಾಲವ್ವ. "ಇವತ್ತ ತಿಂದ್ರ ನಾಳೆ ಮಾರಿ ತೋರಸೂದಿಲ್ಲ. ನಮ್ಮವ್ರು ದಿನಾ ಬರಾವ್ರು."

"ಅದಕ್ಕ ದಿನಾ ಲುಕ್ಸಾನ ಮಾಡ್ಕೋತ ಕುಂತಿ ನೀ."

"ಲುಕ್ಸಾನ ಆಗಿದ್ರ ನಿನ್ನ ಲಗ್ನ ಎದರಾಗ ಆತೋ?" ಅಂದ ಪರಸಪ್ಪ, ರೊಟ್ಟಿ ಮುರಿಯುತ್ತ.

ಆ ವಾರವೇ ಗಾಡಿಗೆ ಕೆಂಪು ಅಕ್ಷರದ ಬೋರ್ಡು ಬಂತು: ‘ಮಾಲವ್ವ ಫಾಸ್ಟ್ ಫುಡ್ ಸೆಂಟರ್’. ಅದರ ಕೆಳಗೆ, ‘ಎರಡು ಬೊಗಸೆ ಗಿರ್ಮಿಟ್’. ಗೋಬಿ ಮಂಚೂರಿಗೆಂದು ಇನ್ನೊಂದು ಬಾಣಲೆ ಬಂತು. ಗಿರ್ಮಿಟ್ ನಾಲ್ಕು ರೂಪಾಯಿ ಆಯಿತು. ಕೊಸರು ನಿಂತಿತು. ಗೊಜ್ಜಿನಲ್ಲಿ ಉಳ್ಳಾಗಡ್ಡಿಯ ಜೊತೆ ಎಲೆಕೋಸು ಬಿತ್ತು, ಆಮೇಲೆ ಎಲೆಕೋಸಿನ ಜೊತೆ ಉಳ್ಳಾಗಡ್ಡಿ ಬಿತ್ತು. ಭಜಿಯ ಮೆಣಸಿನಕಾಯಿ ನನ್ನ ಕಿರುಬೆರಳಿನಷ್ಟಾಯಿತು. ಅದಕ್ಕೂ ಮಂದಿ ಒಗ್ಗಿಕೊಂಡರು, ಪಾಪ. ಹಸಿದವನು ಎಷ್ಟು ಅಂತ ಜಗಳ ಮಾಡಿಯಾನು?

ಆದರೆ ಬೊಗಸೆ ಮಾತ್ರ ಇಳಿಯಲಿಲ್ಲ. ಬಾಳೇಶ ಅವ್ವನ ಬೆನ್ನಿಗೆ ನಿಂತು ಪಿಸುಗುಡುತ್ತಿದ್ದ.

"ಬೊಗಸಿ ಸಣ್ಣ ಮಾಡ ಯವ್ವಾ."

"ಸಣ್ಣ ಮಾಡೂದಂದ್ರ ಹೆಂಗೋ? ಕೈ ಕೊಯ್ಕೋಬೇಕೇನು?"

ಆದರೂ ಮಗ ಹೇಳಿದನಲ್ಲ ಅಂತ ಪ್ರಯತ್ನ ಮಾಡಿದಳು. ಎರಡು ಪ್ಲೇಟಿಗೆ ಕೈ ಮುದುಡಿಕೊಂಡು ಎತ್ತುವಳು, ಮೂರನೆಯದಕ್ಕೆ ಯಾರೋ "ಆರಾಮೇನಬೇ ಮಾಲವ್ವ" ಅಂದರೆ ಮರೆತು ಮೊದಲಿನ ಹಾಗೆಯೇ ತುಂಬ ಎತ್ತುವಳು. ಅಷ್ಟು ವರ್ಷದ ರೂಢಿ ಒಂದು ವಾರದಲ್ಲಿ ಹೋಗುತ್ತದೆಯೇ? ಬಾಳೇಶ ತಲೆ ತಲೆ ಚಚ್ಚಿಕೊಂಡ. ಆಮೇಲೆ ಒಂದು ದಿನ ಅವನ ಕಣ್ಣು ಹೆಂಡತಿಯ ಕೈ ಮೇಲೆ ಬಿತ್ತು.

"ಅವ್ವಗ ಮಣಿಕಟ್ಟ ಭಾಳ ನೋಯ್ತಾವ," ಅಂದ ಅವಳಿಗೆ. "ನಾಳಿಂದ ನೀ ಗಾಡಿಗೆ ಬಾ. ಬುಟ್ಟಿ ಮುಂದ ನೀ ಕೂಡು. ಅಕಿ ಭಜಿ ಕರೀತಾಳ."

ಭಜಿ ಕರಿಯಲಿಕ್ಕೆ ಮಣಿಕಟ್ಟು ಬೇಡವೇ? ದಿನವಿಡೀ ಜಾಲರಿ ಸೌಟು ಎತ್ತಿ ಇಳಿಸುವವರಿಗೆ ಕೈ ನೋಯುವುದಿಲ್ಲವೇ? ಹೊಸ ಹುಡುಗಿಗೆ ಅದು ಹೊಳೆಯಲಿಲ್ಲ. ಅತ್ತೆಗೆ ಅನುಕೂಲವಾಗಲಿ ಅಂತ ಸಂತೋಷದಿಂದಲೇ ಬಂದಳು. ಮಾಲವ್ವನಿಗೆ ಮಾತ್ರ ಹೊಳೆದಿತ್ತು. ಗೋಡೆಯಾಚೆ ನನಗೆ ಕೇಳಿಸುವಂತೆ ಮಗನಿಗೆ ಒಂದೇ ಮಾತು ಕೇಳಿದಳು.

"ಅಕೀ ಕೈ ನೋಡೇ ಅಂದೆಲ್ಲ ನೀ?"

"ಹೌದು. ಏನಾತೀಗ?"

ಏನೂ ಆಗಲಿಲ್ಲ. ಮಾಲವ್ವ ಮರುದಿನ ಹೋಗಿ ಎಣ್ಣೆಯ ಮುಂದೆ ಕೂತಳು.

ಸ್ವಪ್ನಾಳ ಎರಡು ಬೊಗಸೆ ಅಂದರೆ ಮಾಲವ್ವನ ಒಂದು ಬೊಗಸೆ ಮತ್ತು ಒಂದು ಚೂರು. ಪ್ಲೇಟಿನ ತಳ ಕಾಣುತ್ತಿತ್ತು. ಮೊದಮೊದಲು ಹೊಸಬಳು ಅಂತ ಮಂದಿ ಸುಮ್ಮನಿದ್ದರು. ಆಮೇಲೆ ಅಡಿವೆಯ್ಯ ಬಾಯಿ ತೆಗೆದ. ಬಾಯ್ಲರಿನಲ್ಲಿ ಕೆಲಸ ಮಾಡುವವನು, ಗಾಡಿ ಶುರುವಾದ ದಿನದಿಂದ ತಿಂದವನು.

"ಏನವಾ ತಂಗೀ, ತಿನ್ನಾಕ ಕೊಟ್ಟೀಯೋ, ದೇವರ ಪ್ರಸಾದ ಕೊಟ್ಟೀಯೋ?"

ಸ್ವಪ್ನಾ ಪ್ಲೇಟು ನೋಡಿದಳು. ಅವಳಿಗೇ ನಾಚಿಕೆಯಾಯಿತು. ಬುಟ್ಟಿಗೆ ಕೈ ಹಾಕಿ ಮೂರನೆಯ ಬೊಗಸೆ ಎತ್ತಿದಳು. ಪಕ್ಕದಲ್ಲಿ ರೊಕ್ಕ ಇಸಿದುಕೊಳ್ಳುತ್ತಿದ್ದ ಬಾಳೇಶ ಅವಳ ಮುಂಗೈ ಹಿಡಿದ. ಚುರುಮುರಿ ಅಷ್ಟೂ ತಿರುಗಿ ಬುಟ್ಟಿಗೆ ಬಿತ್ತು.

"ಬೋರ್ಡಿನ ಮ್ಯಾಲ ಎರಡ ಬೊಗಸಿ ಅಂತ ಐತಿ. ಎರಡ ಅಂದ್ರ ಎರಡ."

"ಎರಡ ಬೊಗಸಿಗೆ ಇಷ್ಟ ಆಗ್ತಿತ್ತೇನೋ ಬಾಳ್ಯಾ?" ಅಂದ ಅಡಿವೆಯ್ಯ.

"ನಾ ಏನ ಮಾಡ್ಲಿ ಕಾಕಾ? ಅಕೀ ಕೈಗೆ ಬರೂದ ಅಷ್ಟ." ಬಾಳೇಶ ನಕ್ಕ. "ಹಳಿಯಾಳದ ಕೈ, ಭಾಳ ಬಿಗಿ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನ್ನ ಕೈಯಲ್ಲಿದ್ದ ದಾರ ತುಂಡಾಯಿತು, ಅಷ್ಟು ಜಗ್ಗಿದ್ದೆ. ಸ್ವಪ್ನಾ ನಗಲಿಲ್ಲ. ಗಂಡನ ಕಡೆ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು, ಆಮೇಲೆ ಅತ್ತೆಯ ಕಡೆ ನೋಡಿದಳು. ಮಾಲವ್ವ ಕರಿದ ಭಜಿಯನ್ನೇ ಮತ್ತೊಮ್ಮೆ ತಿರುವಿ ಹಾಕುತ್ತಿದ್ದಳು.

ಊರಿಗೆ ಇಷ್ಟು ಸಾಕಾಯಿತು. ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು, "ಸೊಸಿ ಬಂದ್ಲು, ಬರಕತ್ತ ಹೋತು" ಅಂದರು. ಕಿರಾಣಿ ಅಂಗಡಿಯವನು ಅವಳಿಗೆ ಸಕ್ಕರೆ ತೂಗುವಾಗ, "ನಾವೂ ನಿಮ್ಮಂಗ ಕೊಡೂಣೇನ್ರಿ?" ಅಂತ ಚೇಷ್ಟೆ ಮಾಡಿದ. ಬೆಲೆ ಏರಿಸಿದವನು ಗಂಡ, ಬೋರ್ಡು ಬರೆಸಿದವನು ಗಂಡ, ಎಲೆಕೋಸು ಹೆಚ್ಚಿಸಿದವನು ಗಂಡ. ಹೆಸರು ಕೆಟ್ಟದ್ದು ಅವಳದು. ನೋಡಿ, ಇದೆಂಥ ನ್ಯಾಯ. ನಾನು ನಲ್ಲಿಯ ಹತ್ತಿರ ಜಗಳಕ್ಕೆ ನಿಂತೆ. "ನಿನಗೇನ ಪುಕ್ಕಟೆ ಗಿರ್ಮಿಟ್ ಕೊಡ್ತಾಳೇನು?" ಅಂತ ನನ್ನನ್ನೇ ತರುಬಿದರು.

ದಸರೆಗೆ ತವರಿಗೆ ಹೋದ ಸ್ವಪ್ನಾ ಎರಡನೆಯ ದಿನವೇ ತಿರುಗಿ ಬಂದಳು. ನನ್ನ ಜೊತೆ ಹೂ ಕಟ್ಟುತ್ತ ಕೂತಾಗ ಹೇಳಿದಳು.

"ನಮ್ಮವ್ವ ಶಂಕ್ರೆವ್ವ ಸಂತ್ಯಾಗ ಯಾರ ಬಾಯಾಗೋ ಕೇಳ್ಯಾಳ. 'ತಿನ್ನೂ ಮಂದಿ ತಾಟಿನ್ಯಾಗ ಕೈ ಹಿಡೀತಿಯಂತಲ್ಲ, ನಾ ನಿನ್ನ ಹಂಗ ಬೆಳಸೇನೇನು' ಅಂದ್ಲು. ಊಟಕ್ಕ ಕುಂತಾಗ ಅಂದ್ಲು, ಅಕ್ಕಾ. ತಾಟ ಬಿಟ್ಟ ಎದ್ದೆ."

"ನೀ ಖರೇ ಹೇಳಬೇಕಿಲ್ಲೋ?"

"ಹೇಳಿದೆ. 'ಗಂಡನ ಮ್ಯಾಲ ಹಾಕಬ್ಯಾಡ' ಅಂದ್ಲು."

ದೀಪಾವಳಿಗೆ, ಗಾಡಿಯಲ್ಲಿ ಹಾಗೆ ಉಳಿಸಿದ ರೊಕ್ಕದಲ್ಲಿ, ಅವರ ಮನೆಗೆ ಮಿಕ್ಸರ್ ಬಂತು. ಮಾಲವ್ವ ಅದನ್ನು ಒರೆಸಿ ಒರೆಸಿ ಇಟ್ಟಳು. ನನ್ನನ್ನೂ ಕರೆದು ತೋರಿಸಿದಳು. ಚಟ್ನಿ ರುಬ್ಬಿದ್ದು ನುಣ್ಣಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸೊಸೆ ಅದರ ಗುಂಡಿ ಒಂದು ದಿನವೂ ಒತ್ತಲಿಲ್ಲ, ಒರಳಿನಲ್ಲೇ ರುಬ್ಬಿದಳು.

ಹಬ್ಬ ಕಳೆದ ಮೇಲೆ ಪರಸಪ್ಪನ ಸರದಿ ಬಂತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನ ತಾಟಿಗೆ ಯಾರೋ ಒಂದೇ ಚಮಚ ಅನ್ನ ಹಾಕಿ, "ಇದು ನಿಮ್ಮ ಸೊಸಿ ಮಾಪು" ಅಂದರಂತೆ. ಆ ಮನುಷ್ಯ ಮರ್ಯಾದೆಗೆ ಬದುಕಿದವನು. ಗಾಡಿ ಮುಗಿಸಿ ಮೂವರೂ ಮರಳಿದ ಮೇಲೆ ಮನೆಗೆ ಬಂದವನೇ ಚೀಲ ಗೂಟಕ್ಕೆ ಹಾಕದೆ ಒಲೆಯ ಮುಂದೆ ನಿಂತ. ಸ್ವಪ್ನಾ ರೊಟ್ಟಿ ತಟ್ಟುತ್ತಿದ್ದಳು.

"ಏನವಾ, ಮಂದ್ಯಾಗ ಮಾರಿ ಎತ್ತಿ ತಿರಗಲಾರದಂಗ ಮಾಡಿದೆಲ್ಲ. ನಿಮ್ಮತ್ತಿ ಎಷ್ಟ ವರ್ಷ ಬೆವರ ಸುರಿಸಿ ಗಳಿಸಿದ ಹೆಸರದು. ನಾಕ ಕಾಳ ಹೆಚ್ಚ ಹೋದ್ರ ನಿಮ್ಮಪ್ಪನ ಗಂಟ ಹೋಗ್ತೈತೇನು?"

ರೊಟ್ಟಿಯ ಸಪ್ಪಳ ನಿಂತಿತು. ನಾನೂ ಈಚೆ ಕಡೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದೆ.

"ಮಾವಾರ, ನನ್ನ ಕೈ ನೋಡ್ರಿ," ಅಂದಳು ಸ್ವಪ್ನಾ. "ಇವನ್ನ ಹಿಗ್ಗಸಾಕ ಬರ್ತೈತೇನ್ರಿ? ಮೂರನೇ ಬೊಗಸಿ ಹಾಕಾಕ ಹೋದ್ರ ಮುಂಗೈ ಹಿಡೀತಾರ. ನನ್ನ ಬುಟ್ಟಿ ಮುಂದ ಯಾಕ ಕುಂದರಿಸ್ಯಾರ, ನಿಮ್ಮ ಮಗನ್ನ ಕೇಳ್ರಿ."

ಪರಸಪ್ಪ ಮಗನ ಕಡೆ ತಿರುಗಿದ. "ಏನೋ ಇದು?"

"ವ್ಯಾಪಾರದಾಗ ಇವೆಲ್ಲ ಇರೂವ ಅಪ್ಪಾ. ನಾ ಏನ ಕಲ್ಲ ಬೆರಸೇನೇನು, ತೂಕದಾಗ ಹೊಡದೇನೇನು? ಎರಡ ಬೊಗಸಿ ಅಂದೇನಿ, ಎರಡ ಕೊಟ್ಟೇನಿ. ಉಳ್ಳಾಗಡ್ಡಿ ರೇಟ ಎಷ್ಟ ಆಗೈತಿ ಗೊತ್ತೈತೇನ ನಿನಗ?"

"ಉಳ್ಳಾಗಡ್ಡಿ ಮಾತ ಬ್ಯಾಡ್ರಿ," ಅಂದಳು ಸ್ವಪ್ನಾ. "ತುಟ್ಟಿ ಆಗೈತಿ, ಕಡಿಮಿ ಕೊಡ್ತೇನಿ ಅಂತ ಬಾಯ್ಲೆ ಹೇಳಿ ಕೊಟ್ಟಿದ್ರ ನಾ ಏನೂ ಅಂತಿರಲಿಲ್ಲ. ನೀವು ನನ್ನ ಕೈ ಮುಂದ ಮಾಡಿ ಹಿಂದ ನಿಂತೀರಿ. ನಾಳೆ ಗಾಡಿ ಮುಂದ ಎಲ್ಲಾರ ಎದರಿಗೆ ಒಂದ ಮಾತ ಹೇಳ್ರಿ. ಕಡಿಮಿ ಮಾಡಿದಾವ ನಾನು, ಇಕಿ ಅಲ್ಲ ಅಂತ. ನನಗ ಮತ್ತೇನೂ ಬ್ಯಾಡ."

"ಹುಚ್ಚ ಹಿಡದೈತೇನ ನಿನಗ? ಹಂಗ ಹೇಳಿದ್ರ ಗಾಡಿಗೆ ಯಾರ ಬರ್ತಾರ?"

"ನನ್ನ ಹೆಸರ ಕೆಟ್ರ ಬರ್ತಾರ, ನಿಮ್ಮ ಹೆಸರ ಕೆಟ್ರ ಬರೂದಿಲ್ಲೇನು?"

ಪರಸಪ್ಪ ಹೆಂಡತಿಯನ್ನು ಕೇಳಿದ. "ನಿನಗ ಗೊತ್ತಿತ್ತೇನಬೇ ಇದು?"

"ಮನಿ ಮಾತ ಮನ್ಯಾಗ ಇರ್ಲಿ," ಅಂದಳು ಮಾಲವ್ವ. "ಎಲ್ಲಾರೂ ಮೊದಲ ಉಣ್ರಿ."

ಪರಸಪ್ಪ ಉಣ್ಣದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಬಾಳೇಶ ಮಾತ್ರ ಉಂಡ. ಹೊಟ್ಟೆಗೆ ಕಡಿಮೆ ಮಾಡಿಕೊಳ್ಳುವ ಪೈಕಿ ಅಲ್ಲ ಅವನು.

ಮರುದಿನ ಮಧ್ಯಾಹ್ನ ಅತ್ತೆ, ಮಗ, ಸೊಸೆ ಮೂವರೂ ಎಂದಿನ ಹಾಗೆ ಗಾಡಿಗೆ ಬಂದರು. ಸ್ವಪ್ನಾ ಕೊತ್ತಂಬರಿ ಸೋಸಿದಳು, ಪ್ಲೇಟು ತೊಳೆದಳು, ಗೊಜ್ಜಿಗೆ ಉಪ್ಪು ನೋಡಿದಳು. ಕಾರ್ಖಾನೆಯ ಭೋಂಗಾ ಕೂಗಿತು, ಪಾಳಿ ಬಿಟ್ಟಿತು. ಸೈಕಲ್ಲುಗಳು ಬಂದವು, ಸಾಲು ಬೆಳೆಯಿತು. ಎಲ್ಲರಿಗಿಂತ ಮುಂದೆ ಅಡಿವೆಯ್ಯ. ನಾಲ್ಕೈದು ಮಂದಿಯ ಹಿಂದೆ ಪರಸಪ್ಪನೂ ಬಂದು ನಿಂತಿದ್ದ, ಕೈಯಲ್ಲಿ ಖಾಲಿ ಡಬ್ಬಿ ಹಿಡಿದುಕೊಂಡು. ಹೆಂಡತಿಯ ಗಾಡಿಯಲ್ಲಿ ಸಾಲು ಹಚ್ಚಿದ್ದನ್ನು ನಾನು ಅವತ್ತೇ ನೋಡಿದ್ದು.

ಸ್ವಪ್ನಾ ಬುಟ್ಟಿಯ ಮುಂದಿನಿಂದ ಎದ್ದು ಪಕ್ಕಕ್ಕೆ ಸರಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಬೊಗಸಿ ನೀವ ಹಾಕ್ರಿ," ಅಂದಳು ಗಂಡನಿಗೆ.

"ಏ, ಮಂದಿ ನಿಂತಾರ. ಕೂಡ ಸುಮ್ನ."

"ಅದಕ್ಕ ಹೇಳಾಕತ್ತೇನಿ. ಮಂದಿ ನಿಂತಾರ, ಹಾಕ್ರಿ."

ಬಾಳೇಶ ಅತ್ತಿತ್ತ ನೋಡಿದ. ಬೇರೆ ದಾರಿ ಇರಲಿಲ್ಲ, ಬುಟ್ಟಿಗೆ ಕೈ ಹಾಕಿದ. ಅವನ ಕೈ ಅವ್ವನ ಕೈಗಿಂತ ದೊಡ್ಡವು. ಅವುಗಳನ್ನು ಬಿಚ್ಚಿ ಎತ್ತಿದರೆ ಎರಡು ಬೊಗಸೆಗೆ ಪ್ಲೇಟು ಸಾಲುತ್ತಿರಲಿಲ್ಲ. ಅವನು ಬಿಚ್ಚಲಿಲ್ಲ. ಬೆರಳುಗಳನ್ನು ಒಳಗೆ ಮಡಚಿಕೊಂಡು, ಅಂಗೈಯನ್ನು ಇಷ್ಟೇ ಇಷ್ಟು ಗುಳಿ ಮಾಡಿ, ಅದರಲ್ಲಿ ನಿಂತಷ್ಟು ಚುರುಮುರಿ ಎತ್ತಿದ. ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡಿದರು. ಎರಡನೆಯ ಬೊಗಸೆಯನ್ನೂ ಹಾಗೆಯೇ ಎತ್ತಿ, ಕಲಸಿ, ಪ್ಲೇಟು ಅಡಿವೆಯ್ಯನ ಕೈಗೆ ಕೊಟ್ಟ. ಅಷ್ಟು ದೊಡ್ಡ ಗಂಡಸಿನ ಬೊಗಸೆ ಅವಳ ಬೊಗಸೆಯಷ್ಟೇ ಆಯಿತು. ಇನ್ನಾದರೂ ಇವರಿಗೆ ತಿಳಿಯಿತಲ್ಲ ಅಂದುಕೊಂಡೆ ನಾನು.

ಅಡಿವೆಯ್ಯ ಪ್ಲೇಟು ನೋಡಿದ, ಬಾಳೇಶನ ಕೈ ನೋಡಿದ. ಆಮೇಲೆ ನಕ್ಕ.

"ಹೆಂಡ್ತಿ ಚಲೋ ಕಲಿಸ್ಯಾಳ ಬಿಡಪಾ ನಿನಗ."

ಹೋ ಅಂತ ನಗೆ ಎದ್ದಿತು. ಬಾಳೇಶನೂ ನಕ್ಕ. ಅದು ನನಗೆ ತಡೆಯದಾಯಿತು. ಕಣ್ಣೆದುರಿಗೇ ಅವನ ಬೆರಳು ಮಡಚಿದ್ದನ್ನು ನೋಡಿಯೂ ತಪ್ಪು ಅವಳ ತಲೆಗೇ ಬಂತಲ್ಲ, ಇವರಿಗೆ ಕಣ್ಣಿದ್ದು ಏನು ಉಪಯೋಗ ಅಂತ ಬುಟ್ಟಿ ಸರಿಸಿ ಎದ್ದೆ. ನಾನು ಬಾಯಿ ತೆಗೆಯುವ ಮೊದಲೇ ಮಾಲವ್ವ ಸ್ಟೋವಿನ ಗಾಳಿ ಬಿಟ್ಟಳು. ಎಣ್ಣೆಯ ಸದ್ದು ನಿಂತಿತು.

"ನಗಬ್ಯಾಡ್ರಿ ಅಡಿವೆಯ್ಯಾರ," ಅಂದಳು. "ಅಕಿ ಯಾರಿಗೂ ಏನೂ ಕಲಿಸಿಲ್ಲ. ನನ್ನ ಬೊಗಸಿ ದೊಡ್ಡದಾತು ಅಂತ ನನ್ನ ಎಬ್ಬಿಸಿ, ಅಕೀ ಕೈ ಸಣ್ಣದೈತಿ ಅಂತ ನೋಡಿ ಅಲ್ಲಿ ಕುಂದರಿಸಿದಾವ ಈ ನನ್ನ ಮಗ. ನನ್ನ ಮಣಿಕಟ್ಟಿಗೆ ಏನೂ ಆಗಿಲ್ಲ. ನನಗ ಎಲ್ಲಾ ಗೊತ್ತಿತ್ತು. ನೀವು ಅಕೀನ ದಿನಾ ಆಡ್ಕೊಂಡ ನಗೂದನ್ನ ಕೇಳ್ಕೋತ ಇಲ್ಲೇ ಕುಂತೇನಿ, ಬಾಯಿ ಮುಚಗೊಂಡು. ಅಕೀ ಹೆಸರ ಹೋದ್ರ ಹೋಗ್ಲಿ, ಮಗಂದ ಉಳೀಲಿ ಅಂತ."

ನಗೆ ನಿಂತಿತು. ಯಾರೋ ಹಿಂದಿನಿಂದ, "ಹಂಗಾರ ಇವತ್ತಿಂದ ಮೊದಲಿನಂಗ ಹಾಕ್ತೀರೇನು?" ಅಂತ ಕೇಳಿದರು. ಇಷ್ಟೆಲ್ಲ ಕೇಳಿ ಅವರಿಗೆ ನೆನಪಾದದ್ದು ಗಿರ್ಮಿಟ್ಟು.

ಸ್ವಪ್ನಾ ಆ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಬೊಗಸಿ ಮಾತ ಆಮ್ಯಾಲ. ನನಗ ಆಡಾಕ ಎಲ್ಲಾರಿಗೂ ಬಾಯಿ ಇತ್ತಲ್ರಿ. ಈಗ ಒಬ್ಬರಾರ ತಪ್ಪಾತು ಅನ್ರಿ."

ಅಷ್ಟು ಮಂದಿ ಗಂಡಸರು. ಒಬ್ಬ ಸೈಕಲ್ಲಿನ ಗಂಟೆ ಮುಟ್ಟಿ ನೋಡಿದ, ಒಬ್ಬ ಬೀಡಿ ಹುಡುಕಿದ. ಆಗ ಪರಸಪ್ಪ ಸಾಲಿನಿಂದ ಹೊರಗೆ ಬಂದ. ಡಬ್ಬಿಯನ್ನು ಕೆಳಗಿಟ್ಟ. ಜೊತೆಯವರೆಲ್ಲ ನೋಡುತ್ತಿದ್ದಂತೆ ಸೊಸೆಯ ಮುಂದೆ ನಿಂತು, "ನಂದು ತಪ್ಪಾತವಾ," ಅಂದ. "ಕೇಳಲಾರದ ಬೈದೆ." ಮಾವನಾದವನು ನಾಲ್ಕು ಮಂದಿಯ ಎದುರು ಸೊಸೆಗೆ ಹಾಗೆ ಅಂದದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಅಡಿವೆಯ್ಯ ತನ್ನ ಪ್ಲೇಟನ್ನು ಗಾಡಿಯ ಮೇಲೆ ಇಟ್ಟ. ಒಂದು ಕಾಳೂ ತಿಂದಿರಲಿಲ್ಲ. "ನಂದೂ ತಪ್ಪಾತ ತಂಗೀ," ಅಂದ. ಆಮೇಲೆ ಬಾಳೇಶನ ಕಡೆ ನೋಡಿದ. "ನೀ ಹೇಳಪಾ. ನೀ ಹೇಳೂತನಕ ನಾ ಇದನ್ನ ಮುಟ್ಟೂದಿಲ್ಲ."

"ಮನ್ಯಾಗ ಮಾತಾಡೂಣು," ಅಂದ ಬಾಳೇಶ, ಹೆಂಡತಿಯ ಕಿವಿಯ ಹತ್ತಿರ.

"ನನ್ನ ಹೆಸರ ಕೆಟ್ಟಿದ್ದ ಮನ್ಯಾಗ ಅಲ್ರಿ. ಇಲ್ಲೆ."

ಸಾಲು ಮುಂದೆ ಸರಿಯಲಿಲ್ಲ. ಒಬ್ಬರೂ ಪ್ಲೇಟು ಒಡ್ಡಲಿಲ್ಲ, ಒಬ್ಬರೂ ಮನೆಗೂ ಹೋಗಲಿಲ್ಲ. ಬಾಳೇಶ ಅವ್ವನನ್ನು ನೋಡಿದ, ಅವಳು ಸ್ಟೋವು ಹಚ್ಚಲಿಲ್ಲ. ಅಪ್ಪನನ್ನು ನೋಡಿದ, ಅವನು ಕಣ್ಣು ಕೆಳಗೆ ಮಾಡಲಿಲ್ಲ. ಕೊನೆಗೆ ಬುಟ್ಟಿಯೊಳಗೆ ಮುಖ ಹಾಕಿಕೊಂಡು ಏನೋ ಗೊಣಗಿದ.

"ಹಿಂದಿನವ್ರಿಗೆ ಕೇಳಸಲಿಲ್ಲೋ," ಅಂದರು ಯಾರೋ.

"ಕಡಿಮಿ ಮಾಡಿದಾವ ನಾನು," ಅಂದ ಬಾಳೇಶ, ಈ ಸಲ ಎಲ್ಲರಿಗೂ ಕೇಳುವ ಹಾಗೆ. "ಅಕೀದೇನೂ ತಪ್ಪಿಲ್ಲ. ತಪ್ಪ ನಂದು."

ಸ್ವಪ್ನಾ ಅಡಿವೆಯ್ಯನ ಪ್ಲೇಟನ್ನು ಎತ್ತಿ ಅದರಲ್ಲಿದ್ದುದನ್ನು ಬೋಗುಣಿಗೆ ಸುರಿದಳು. ಚುರುಮುರಿ ಬುಟ್ಟಿಯನ್ನು ಗಂಡನ ಎದೆಗೆ ಮುಟ್ಟುವಷ್ಟು ಮುಂದಕ್ಕೆ ನೂಕಿದಳು.

"ಇನ್ನ ಹಾಕ್ರಿ," ಅಂದಳು. "ಬೆರಳ ಬಿಚ್ಚಿ ಹಾಕ್ರಿ."